ವಾಪಸು ಓಟ

ಭಾವನನ್ನು ಕರೆಸಬಾರದಿತ್ತು ಎಂದು ಅವನಿಗೆ ಮೂರನೆಯ ಸಲ ಅನಿಸಿದ್ದು ಕುರ್ಚಿಗಳನ್ನು ಜೋಡಿಸುವಾಗ. ಮೊದಲನೆಯ ಸಲ ಅನಿಸಿದ್ದು ಅಕ್ಕ ಫೋನಿನಲ್ಲಿ, "ಆಯ್ತು, ಹೇಳ್ತೀನಿ, ಖಂಡಿತ ಬರ್ತಾರೆ" ಎಂದು ಇಟ್ಟ ಮರುಕ್ಷಣ. ಎರಡನೆಯದು ಬೆಳಿಗ್ಗೆ ಹಲ್ಲುಜ್ಜುವಾಗ. ಕರೆಸಿದವನು ನಿಜವಾಗಿ ಅವನಲ್ಲ. ವೃತ್ತಿ ಪರಿಚಯ ದಿನ ಎಂದು ಪ್ರಿನ್ಸಿಪಾಲರು ಹೊಸದಾಗಿ ಹಚ್ಚಿದ್ದರು, ಶಾಲೆಯ ಒಂದೊಂದು ವಿಭಾಗವೂ ಹೊರಗಿನಿಂದ ಒಬ್ಬರನ್ನು ತಂದು ಮಕ್ಕಳ ಮುಂದೆ ಮಾತಾಡಿಸಬೇಕಿತ್ತು. ಅಡುಗೆ ವಿಭಾಗದವರು ಯಾವುದೋ ಹೋಟೆಲಿನ ಬಾಣಸಿಗನನ್ನು ಗೊತ್ತುಮಾಡಿದ್ದರು, ಮರಗೆಲಸದವರು ಪಿಟೀಲು ಮಾಡುವ ಮುದುಕನೊಬ್ಬನನ್ನು ಹಿಡಿದು ತಂದಿದ್ದರು. ಮೋಟಾರು ವಿಭಾಗದ ಮೇಷ್ಟ್ರಾದ ಅವನು ಟಯರ್ ಅಂಗಡಿಯ ಮಾಲೀಕನನ್ನು ಕೇಳಿ ಒಪ್ಪಿಸಿಯೂ ಆಗಿತ್ತು. "ಟಯರ್ ಅಂಗಡಿ ಬೇಡ ಮೇಷ್ಟ್ರೆ. ನಿಮ್ಮ ಭಾವ ಒಂದು ಕಾಲದಲ್ಲಿ ಅದೇನೋ ದೊಡ್ಡ ವೇಗದ ಕಾರ್ ಓಡಿಸ್ತಿದ್ರಂತಲ್ಲ, ಅವರನ್ನೇ ಕರೀರಿ. ಮಕ್ಕಳಿಗೆ ಹುರುಪು ಬರತ್ತೆ" ಎಂದರು ಪ್ರಿನ್ಸಿಪಾಲರು. ಓಡಿಸುತ್ತಿದ್ದರು ಎಂದರೆ ಒಂದೇ ಒಂದು ಕಾರು, ಅದೂ ಒಂದೇ ದಿಕ್ಕಿಗೆ ಎಂದು ಹೇಳಬೇಕೆನಿಸಿತು. ಆದರೆ ಆ ಕೋಣೆಯೊಳಗೆ ಅವನು ಹೂಂ ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ. ಆ ದಿನವೂ ಹೂಂ ಎಂದು ಬಂದ.

ಮೂವತ್ತೊಂದು ಕುರ್ಚಿ. ವರ್ಕ್‌ಶಾಪಿನ ನಡುವೆ ಬಾನೆಟ್ ತೆರೆದುಕೊಂಡು ನಿಂತಿದ್ದ ಹಳೆಯ ಕಾರನ್ನು ಗೋಡೆಗೆ ತಳ್ಳಿಸಿ, ನೆಲಕ್ಕೆ ಮರದ ಪುಡಿ ಉದುರಿಸಿ ಎಣ್ಣೆ ಒರೆಸಿ, ಕುರ್ಚಿಗಳನ್ನು ನಾಲ್ಕು ಸಾಲು ಮಾಡಿದ. ಗೋಡೆಯ ಹಲಗೆಯ ಮೇಲೆ ಉಪಕರಣಗಳು ತೂಗುತ್ತಿದ್ದವು, ಒಂದೊಂದರ ಹಿಂದೆಯೂ ಅದರದೇ ಆಕಾರದ ಹಳದಿ ಬಣ್ಣ. ಸಂಜೆ ಬೆಲ್ ಹೊಡೆಯುವ ಮುಂಚೆ ಹಳದಿಯೆಲ್ಲ ಮುಚ್ಚಿರಬೇಕು. ಒಂದು ಸ್ಪ್ಯಾನರ್ ಕಮ್ಮಿಯಾದರೂ ಯಾರೂ ಮನೆಗೆ ಹೋಗುವ ಹಾಗಿಲ್ಲ. ಇದಕ್ಕಿಂತ ವಿಚಿತ್ರವಾದ ಇನ್ನೊಂದು ಪದ್ಧತಿ ಅವನ ತರಗತಿಯಲ್ಲಿತ್ತು. ವರ್ಷದ ಮೊದಲ ದಿನ ಅವನು ಪಾಠ ಮಾಡುತ್ತಿರಲಿಲ್ಲ, ಸೂಜಿ ದಾರ ಹಂಚುತ್ತಿದ್ದ. ಮಕ್ಕಳು ತಂತಮ್ಮ ನೀಲಿ ಓವರಾಲಿನ ಜೇಬುಗಳನ್ನೆಲ್ಲ ತಾವೇ ಹೊಲಿದು ಮುಚ್ಚಬೇಕಿತ್ತು. ಮೋಟಾರು ಕಲಿಯಲಿಕ್ಕೆ ಕಳಿಸಿದರೆ ಹೊಲಿಗೆ ಕಲಿಸುತ್ತಾರೆ ಎಂದು ತಾಯಂದಿರು ನಗುತ್ತಿದ್ದರಂತೆ. "ಜೇಬಿದ್ರೆ ಕೈ ಸುಮ್ನೆ ಇರಲ್ಲ" ಎಂದು ಅವನು ಪ್ರತಿ ವರ್ಷ ಅದೇ ಮಾತಿನಲ್ಲಿ ಹೇಳುತ್ತಿದ್ದ. "ಜೇಬಿಗೆ ಹೋದ ಸ್ಪ್ಯಾನರ್ ಬಗ್ಗಿದಾಗ ಎಂಜಿನ್ನೊಳಗೆ ಬೀಳತ್ತೆ. ನಮ್ಮ ದೊಡ್ಡ ಮೇಸ್ತ್ರಿ ನಮಗೂ ಹೊಲಿಸಿದ್ರು." ಹೊಲಿಸಿದ್ದು ನಿಜ. ಭಾವನ ಕಾರಿಗೆ ದುಡಿದ ಹದಿನಾಲ್ಕು ಜನರಲ್ಲಿ ಒಬ್ಬ ಬ್ಲೇಡಿನಿಂದ ಆ ಹೊಲಿಗೆಯನ್ನು ಬಿಚ್ಚಿದ್ದ ಎಂಬುದನ್ನು ಯಾವ ವರ್ಷವೂ ಹೇಳಿರಲಿಲ್ಲ.

ಬಿಚ್ಚಿದ್ದು ಬಾಚಣಿಗೆಗೆ. ಇಪ್ಪತ್ತನಾಲ್ಕು ವರ್ಷದ ಮೇಲೂ ಅವನಿಗೆ ನಾಚಿಕೆ ತರುವುದು ಇದೇ. ಫೋಟೋದವರು ಬರುತ್ತಾರೆ ಎಂದು ಯಾರೋ ಹೇಳಿದ್ದರು, ಕಾರು ಓಡಿಸಲು ಹೋಗಿದ್ದ ಉಪ್ಪಿನ ಬಯಲಿನ ಗಾಳಿಗೆ ಕೂದಲು ನಿಲ್ಲುತ್ತಿರಲಿಲ್ಲ, ಅವನಿಗೆ ಇಪ್ಪತ್ತಾರು ವಯಸ್ಸು. ಬೆಳಿಗ್ಗೆ ಡೇರೆಯಲ್ಲಿ ಒಬ್ಬನೇ ಕೂತು ಹಿಂದಿನ ಬಲಜೇಬಿನ ಏಳೆಂಟು ಹೊಲಿಗೆಗಳನ್ನು ಮೆಲ್ಲಗೆ ಕತ್ತರಿಸಿದ. ಕೊಲೆ ಮಾಡಿದವರಿಗೂ ಹೇಳಿಕೊಳ್ಳಲು ಒಂದು ದೊಡ್ಡ ಕಾರಣವಿರುತ್ತದೆ, ತನಗೆ ಒಂದು ಬಾಚಣಿಗೆ. ಫೋಟೋದವರು ಬಂದರು, ಕಾರಿನದ್ದೂ ಭಾವನದ್ದೂ ತೆಗೆದುಕೊಂಡು ಹೋದರು. ಅವನ ಕಡೆ ತಿರುಗಲಿಲ್ಲ.

"ಸರ್, ಬೋರ್ಡಿನ ಮೇಲೆ ಏನಂತ ಬರೀಲಿ?" ಎಂದು ಕೇಳಿದಳು ಲಾಯರಮ್ಮ. ಅದು ತರಗತಿಯವರು ಇಟ್ಟ ಹೆಸರು. ಯಾವ ಮಾತನ್ನೂ ಮೂರು ಸಲ ತಿರುವಿ ಹಾಕದೆ ಒಪ್ಪದ ಹುಡುಗಿ. ನಟ್ಟು ಬಲಕ್ಕೇ ಯಾಕೆ ಬಿಗಿಯಾಗಬೇಕು, ಎಡಕ್ಕೆ ಯಾಕಾಗಬಾರದು ಎಂದು ಅವನನ್ನು ಒಂದು ಇಡೀ ಮಧ್ಯಾಹ್ನ ಗೋಳುಹೊಯ್ದುಕೊಂಡಿದ್ದಳು. ನೆಲದ ಮೇಲಿನ ವೇಗ ಮತ್ತು ಮೋಟಾರು ವೃತ್ತಿಗಳು ಎಂದು ಬರೆ ಎಂದ. ನಿನ್ನೆ ಸಂಜೆ ಇವಳೇ ಫೋನು ಹಿಡಿದುಕೊಂಡು ಬಂದು, "ಸರ್, ನಾಳೆ ಬರೋರು ಹೆದರಿ ವಾಪಸ್ ಓಡಿಸ್ಲಿಲ್ವಂತೆ, ಇಲ್ಲಿ ಯಾರೋ ಬರೆದಿದಾರೆ. ನಿಜವಾ?" ಎಂದು ಕೇಳಿದ್ದಳು. ಸುಳ್ಳು ಎಂದರೆ ಮುಗಿಯುತ್ತಿತ್ತು. ಸುಳ್ಳು ಎಂದರೆ ಮತ್ತೆ ನಿಜ ಯಾವುದು ಎಂದು ಕೇಳುತ್ತಿದ್ದಳು. "ಅವರೇ ಬರ್ತಾರಲ್ಲ, ಅವರನ್ನೇ ಕೇಳು" ಎಂದುಬಿಟ್ಟ. ಆ ಮಾತು ಬಾಯಿಂದ ಹೋದ ಮೇಲೆ ರಾತ್ರಿ ಊಟ ಸೇರಲಿಲ್ಲ. ಮೂವತ್ತೊಂದು ಮಕ್ಕಳೆದುರು ಆ ಮನುಷ್ಯನಿಗೆ ಇದೊಂದು ಬೇರೆ ಆಗಬೇಕೆ? ಅವಳು ಕೇಳಿದರೆ ತಾನೇ ಎದ್ದು ಹೇಳಬೇಕು, ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಎಂದು ಬೆಳಿಗ್ಗೆ ತೀರ್ಮಾನ ಮಾಡಿಕೊಂಡು ಬಂದಿದ್ದ. ತೀರ್ಮಾನ ಮಾಡುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ.

ಭಾವ ಬಸ್ಸಿನಲ್ಲಿ ಬಂದರು, ಹೇಳಿದ ಹೊತ್ತಿಗಿಂತ ನಲವತ್ತು ನಿಮಿಷ ಮುಂಚೆ. ಬಟ್ಟೆ ಚೀಲದಲ್ಲಿ ಹಳೆಯ ಹೆಲ್ಮೆಟ್. ಯಾವುದೋ ಮದುವೆಗೆ ಹೊಲಿಸಿದ ಕೋಟು ಈಗ ಭುಜದಲ್ಲಿ ಜೋತು ಬಿದ್ದಿತ್ತು. ಹತ್ತೊಂಬತ್ತು ವರ್ಷ ಅವರು ಡ್ರೈವಿಂಗ್ ಲೈಸೆನ್ಸಿನ ಪರೀಕ್ಷಕರಾಗಿದ್ದು ನಿವೃತ್ತರಾಗಿದ್ದರು. ಗಂಟೆಗೆ ಐನೂರ ಎಂಬತ್ತು ಕಿಲೋಮೀಟರು ಹೋದ ಮನುಷ್ಯ ಬೆವರುವ ಕೈಯವರ ಪಕ್ಕದಲ್ಲಿ ಕೂತು ಇಪ್ಪತ್ತು ಕಿಲೋಮೀಟರಿನಲ್ಲಿ ಕಾಗದಕ್ಕೆ ಟಿಕ್ ಹಾಕುತ್ತ ತಲೆ ಹಣ್ಣು ಮಾಡಿಕೊಂಡಿದ್ದರು. "ಎಷ್ಟು ಚೆನ್ನಾಗಿ ಇಟ್ಕೊಂಡಿದೀಯೋ" ಎಂದು ಹಲಗೆಯ ಮುಂದೆ ಕೈ ಕಟ್ಟಿಕೊಂಡು ನಿಂತರು. ಹದಿಮೂರನೇ ಸೈಜಿನ ಸ್ಪ್ಯಾನರಿನ ಎದುರು ಸ್ವಲ್ಪ ಹೆಚ್ಚು ಹೊತ್ತು ನಿಂತರೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಹೋಗಿ ಚಹಾ ತಂದ.

ಈ ಕೆಲಸವೂ ಅವರು ಕೊಡಿಸಿದ್ದೇ. ಉಪ್ಪಿನ ಬಯಲಿನಿಂದ ಬಂದ ಮೇಲೆ ಕಾರಿಗೆ ಬಂಡವಾಳ ಹಾಕಿದ್ದ ಕಂಪನಿ ಕೈ ಎತ್ತಿತು, ಹದಿನಾಲ್ಕು ಜನ ಹದಿನಾಲ್ಕು ದಿಕ್ಕಾದರು, ದೊಡ್ಡ ಮೇಸ್ತ್ರಿ ಎರಡು ವರ್ಷದಲ್ಲಿ ತೀರಿಕೊಂಡರು. ಯಾರಿಗೋ ಹೇಳಿ ಯಾರನ್ನೋ ಹಿಡಿದು ಭಾವ ಅವನನ್ನು ಈ ಶಾಲೆಗೆ ಸೇರಿಸಿದರು. ಅಂದಿನಿಂದ ಪ್ರತಿ ಭಾನುವಾರ ಅವನು ಅಕ್ಕನ ಮನೆಗೆ ಹೋಗಿ ಅವರ ಕಾರಿನ ಕೆಳಗೆ ಮಲಗುತ್ತಾನೆ. ಎಣ್ಣೆ ಬದಲಾಯಿಸುತ್ತಾನೆ, ಬ್ರೇಕ್ ಬಿಗಿ ಮಾಡುತ್ತಾನೆ, ಏನೂ ಇಲ್ಲದಿದ್ದರೆ ತೊಳೆಯುತ್ತಾನೆ. "ನನ್ನ ತಮ್ಮನ ಹಾಗೆ ಯಾರಿದಾರೆ" ಎಂದು ಅಕ್ಕ ನೆರೆಮನೆಯವರಿಗೆಲ್ಲ ಹೇಳುತ್ತಾಳೆ. ತಾನು ಹಾಳುಮಾಡಿದ ಮನುಷ್ಯ ತನಗೇ ಅನ್ನದ ದಾರಿ ಮಾಡಿಕೊಟ್ಟದ್ದು ಅವನಿಗೆ ಮೊದಮೊದಲು ದೊಡ್ಡತನವಾಗಿ ಕಂಡು, ಬರುಬರುತ್ತ ಶಿಕ್ಷೆಯಾಗಿ ಕಾಣತೊಡಗಿತ್ತು. ಒಂದೊಂದು ಸಲ ಆ ಒಳ್ಳೆಯತನದ ಮೇಲೆ ಸಿಟ್ಟೂ ಬರುತ್ತಿತ್ತು. ಬೈದಿದ್ದರೆ ಸಾಕಾಗುತ್ತಿತ್ತು.

ಮಕ್ಕಳು ಬಂದು ಕೂತರು. ಅವನು ಎರಡು ಮಾತಿನಲ್ಲಿ ಪರಿಚಯ ಮಾಡಿ ಪಕ್ಕದಲ್ಲಿ, ಕಂಪ್ರೆಸರಿನ ಮೇಲೆ ಕೈ ಊರಿ ನಿಂತ. ಭಾವ ಹೆಲ್ಮೆಟ್ಟನ್ನು ಮೊದಲ ಸಾಲಿಗೆ ಕೊಟ್ಟು, "ತಲೆಗೆ ಹಾಕ್ಕೊಂಡು ನೋಡಿ, ಹೇನೇನೂ ಇಲ್ಲ" ಎಂದರು. ಮಕ್ಕಳು ನಕ್ಕರು. ಅವರಿಗೆ ಮಾತು ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅಕ್ಕ ಮಾತಾಡುತ್ತಿದ್ದಳು, ಅವರು ಪೇಪರು ಓದುತ್ತಿದ್ದರು. "ಇದರಲ್ಲಿ ತಿರುವು ಇಲ್ಲ, ಇನ್ನೊಂದು ಕಾರ್ ಇಲ್ಲ, ಯಾರನ್ನೂ ಹಿಂದೆ ಹಾಕೋದೂ ಇಲ್ಲ. ಇಪ್ಪತ್ತು ಕಿಲೋಮೀಟರ್ ಉಪ್ಪಿನ ಬಯಲು. ಮಧ್ಯದಲ್ಲಿ ಒಂದು ಮೈಲಿಗೆ ಗುರುತು ಮಾಡಿರ್ತಾರೆ. ಆ ಒಂದು ಮೈಲಿ ಎಷ್ಟು ಹೊತ್ತಲ್ಲಿ ದಾಟಿದೆ ಅನ್ನೋದೇ ಲೆಕ್ಕ. ಆದ್ರೆ ಒಂದು ಸಲ ದಾಟಿದ್ರೆ ಆಗಲ್ಲ. ಯಾಕೆ ಹೇಳಿ ನೋಡೋಣ?" ಎಂದು ಕೇಳಿ ತಾವೇ ಹೇಳಿದರು. "ಗಾಳಿ. ಬೆನ್ನಿಗೆ ಗಾಳಿ ಇದ್ರೆ ನನ್ನಂಥೋನೂ ಶೂರ. ಅದಕ್ಕೇ ಆ ಕಡೆಯಿಂದ ಈ ಕಡೆಗೂ ಓಡಿಸ್ಬೇಕು, ಎರಡರ ಸರಾಸರಿ ತಗೋತಾರೆ. ಹೋಗಿ ವಾಪಸ್ ಬರೋದು ಎಲ್ಲಾ ಒಂದು ಗಂಟೆಯೊಳಗೆ ಮುಗೀಬೇಕು. ಒಂದು ಗಂಟೆ ಮೇಲೆ ಒಂದು ಸೆಕೆಂಡ್ ಆದ್ರೂ ಹೋಗಿದ್ದು ಹೋಗ್ಲೇ ಇಲ್ಲ ಅಂತ ಅರ್ಥ."

ಹೋಗಿದ್ದು ಹೋಗಲೇ ಇಲ್ಲ. ಅವತ್ತು ಬಯಲಿನ ಆ ತುದಿಯಲ್ಲಿ ಕಾಯುತ್ತಿದ್ದವರಲ್ಲಿ ಅವನೂ ಒಬ್ಬ. ಮೊದಲು ಬಿಳಿಯ ಮೇಲೆ ಒಂದು ಚುಕ್ಕೆ, ಸದ್ದಿಲ್ಲ; ಆಮೇಲೆ ಕಾರನ್ನು ನಿಲ್ಲಿಸುವ ಪ್ಯಾರಾಶೂಟು ಹಿಂದೆ ಬಿಚ್ಚಿಕೊಂಡದ್ದು ಕಂಡಿತು, ಆಮೇಲೆ ಸದ್ದು ಬಂತು. ದಾಖಲೆಗಿಂತ ಒಂಬತ್ತು ಕಿಲೋಮೀಟರು ಹೆಚ್ಚು ಎಂದು ರೇಡಿಯೋದಲ್ಲಿ ಹೇಳಿದಾಗ ದೊಡ್ಡ ಮೇಸ್ತ್ರಿ ನಗಲೂ ಇಲ್ಲ, ಗಡಿಯಾರ ನೋಡಿ "ಶುರು ಮಾಡಿ" ಎಂದರು. ನಾಲ್ಕು ಟಯರ್ ಬಿಚ್ಚುವವರು ನಾಲ್ವರು, ಪ್ಯಾರಾಶೂಟು ಮಡಚುವವರು ಇಬ್ಬರು, ಎಂಜಿನ್ ತಂಪು ಮಾಡುವ ತೊಟ್ಟಿಗೆ ಮಂಜುಗಡ್ಡೆ ತುಂಬುವವನು ಅವನು. ತುಂಬಿ ಮುಚ್ಚಳದ ಬೋಲ್ಟು ಬಿಗಿದು, ಮಿಕ್ಕ ಮಂಜುಗಡ್ಡೆಯ ಚೀಲವನ್ನು ಎರಡೂ ಕೈಯಲ್ಲಿ ಎತ್ತಬೇಕಾಗಿ ಬಂದಾಗ ಹದಿಮೂರರ ಸ್ಪ್ಯಾನರು ಕೈಯಲ್ಲಿತ್ತು. ಉಪಕರಣಗಳನ್ನು ಸುತ್ತಿಡುವ ಬಟ್ಟೆಯ ಸುರುಳಿ ಎರಡು ಹೆಜ್ಜೆ ಆಚೆ. ಜೇಬು ಇತ್ತು. ಕೈ ಸುಮ್ಮನಿರಲಿಲ್ಲ. ನಲವತ್ತಮೂರನೇ ನಿಮಿಷಕ್ಕೆ ಎಲ್ಲ ಮುಗಿದು ಮೇಲಿನ ತಗಡು ಮುಚ್ಚುವ ಮುಂಚೆ ದೊಡ್ಡ ಮೇಸ್ತ್ರಿ ಸುರುಳಿ ಬಿಚ್ಚಿ ಎಣಿಸಿದರು. ಹನ್ನೆರಡು ಇರಬೇಕಾದ ಕಡೆ ಹನ್ನೊಂದು. ಎಂಜಿನ್ನಿನೊಳಗೆ ಒಂದು ಸ್ಪ್ಯಾನರು ಬಿದ್ದಿದ್ದರೆ ಐನೂರು ಕಿಲೋಮೀಟರಿನಲ್ಲಿ ಅದು ಏನು ಮಾಡುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹುಡುಕಿ ಎಂದರು. ಎಲ್ಲರ ಜತೆ ಅವನೂ ಮನಸ್ಸಿಟ್ಟು ಹುಡುಕಿದ. ನಿಜವಾಗಿ ಹುಡುಕಿದ, ಆ ನಾಲ್ಕು ನಿಮಿಷಕ್ಕೆ ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡಬಲ್ಲ. ನಲವತ್ತೇಳನೇ ನಿಮಿಷಕ್ಕೆ ಕಾರಿನ ಅಡಿ ನೋಡಲು ಕುಕ್ಕರುಗಾಲಿನಲ್ಲಿ ಕೂತಾಗ ಹಿಂದಿನ ಜೇಬಿನಲ್ಲಿ ಏನೋ ಗಟ್ಟಿಯಾದದ್ದು ಚುಚ್ಚಿತು.

"ಸಂಬಳ ಎಷ್ಟು ಸಿಗ್ತಿತ್ತು?" ಎಂದು ಹಿಂದಿನ ಸಾಲಿನಿಂದ ಒಬ್ಬ ಕೇಳಿದ. "ಓಡಿಸಿದ್ದಕ್ಕಾ? ಬೆನ್ನು ತಟ್ಟಿದ್ರು" ಎಂದರು ಭಾವ. "ನೋಡಿ, ನನ್ನ ಇಡೀ ಜೀವನದಲ್ಲಿ ಆ ಕಾರನ್ನ ನಾನು ಓಡಿಸಿದ್ದು ಒಟ್ಟು ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷಕ್ಕೆ ಹದಿನಾಲ್ಕು ಜನ ಎರಡು ವರ್ಷ ಕೆಲಸ ಮಾಡಿದ್ರು. ಅದಕ್ಕೇ ಓಡಿಸೋನಾಗ್ತೀನಿ ಅಂತ ಕನಸು ಕಾಣೋಕೆ ಮುಂಚೆ ಬೇರೆ ಕೆಲಸಗಳನ್ನ ನೋಡಿ. ತಗಡು ಬಗ್ಗಿಸೋನು ಒಬ್ಬ ಇದ್ದ, ಕಣ್ಣು ಮುಚ್ಚಿ ಕೈಯಾಡಿಸಿ ಎಲ್ಲಿ ಉಬ್ಬಿದೆ ಅಂತ ಹೇಳೋನು. ಬೆಸುಗೆ ಹಾಕೋಳು ಒಬ್ಬಳಿದ್ಲು. ಪ್ಯಾರಾಶೂಟ್ ಮಡಚೋನು ಮಡಚುವಾಗ ಯಾರ ಹತ್ರಾನೂ ಮಾತಾಡ್ತಿರಲಿಲ್ಲ, ಹೆಂಡ್ತಿ ಫೋನ್ ಬಂದ್ರೂ ಎತ್ತುತಿರಲಿಲ್ಲ. ನನ್ನ ಜೀವ ಇದ್ದಿದ್ದು ಅಂಥವರ ಕೈಲಿ." ಮಕ್ಕಳು ಬರೆದುಕೊಳ್ಳುತ್ತಿದ್ದರು. ತಗಡಿನವನು, ಬೆಸುಗೆಯವಳು, ಪ್ಯಾರಾಶೂಟಿನವನು ಎಂದು ಅವರು ಬೆರಳು ಮಡಚುತ್ತ ಹೋದಾಗ ತನ್ನ ಸರದಿಯೂ ಬರಬಹುದೆಂದು ಅವನು ಕಾದ. ಮಂಜುಗಡ್ಡೆ ಹಾಕುವವನು ಬರಲಿಲ್ಲ. ಬರದಿದ್ದದ್ದಕ್ಕೆ ಒಂದು ಗಳಿಗೆ ನೊಂದುಕೊಂಡು, ನೊಂದುಕೊಂಡಿದ್ದಕ್ಕೆ ತನ್ನ ಬಗ್ಗೆಯೇ ಹೇಸಿಗೆಪಟ್ಟ.

ಚುಚ್ಚಿದಾಗಲೇ ಕೂಗಬಹುದಿತ್ತು. ಇಗೋ ಇಲ್ಲಿದೆ, ನನ್ನ ಜೇಬಲ್ಲೇ ಇದೆ, ನನ್ನ ಬುದ್ಧಿಗಿಷ್ಟು ಎಂದುಬಿಟ್ಟಿದ್ದರೆ ದೊಡ್ಡ ಮೇಸ್ತ್ರಿ ಕೆನ್ನೆಗೆ ಒಂದು ಬಿಡುತ್ತಿದ್ದರು, ತಗಡು ಮುಚ್ಚಿ ಐವತ್ಮೂರಕ್ಕೆ ಕಾರು ಹೊರಡುತ್ತಿತ್ತು, ಹೊತ್ತು ಸಾಕಾಗುತ್ತಿತ್ತು. ಆದರೆ ಜೇಬು ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಬಾಚಣಿಗೆ ಹೊರಗೆ ಬರುತ್ತದೆ. ಅವನು ಎದ್ದು, ಹುಡುಕುವವನ ಮುಖ ಇಟ್ಟುಕೊಂಡು, ಕಾರನ್ನು ಒಂದು ಸುತ್ತು ಬಂದ. ಯಾರೂ ನೋಡದ ಜಾಗ ಬೇಕಿತ್ತು, ಎಲ್ಲ ಕಡೆಯೂ ಯಾರಾದರೂ ಇದ್ದರು. ಕೊನೆಗೆ ಹಿಂದಿನ ಚಕ್ರದ ಬಳಿ ಬಗ್ಗಿ, ಕಾರಿನ ಅಡಿಯ ತಗಡಿನ ಸಂದಿಗೆ ಅದನ್ನು ಜಾರಿಸಿ, ಇನ್ನೊಂದು ಸುತ್ತು ಬಂದು, "ಸಿಕ್ತು" ಎಂದು ಕೂಗಿದ. ಎಲ್ಲರೂ ಅವನ ಬೆನ್ನು ತಟ್ಟಿದರು. ಐವತ್ತೊಂದನೇ ನಿಮಿಷ. ತಗಡು ಮುಚ್ಚುವಷ್ಟರಲ್ಲಿ ಐವತ್ತೇಳಾಯಿತು, ದೊಡ್ಡ ಮೇಸ್ತ್ರಿ ರೇಡಿಯೋದಲ್ಲಿ ಭಾವನನ್ನು "ರೆಡಿಯಾ?" ಎಂದು ಎರಡು ಸಲ ಕೇಳಿದರು. ಒಳಗಿನಿಂದ ಉತ್ತರ ಬರಲಿಲ್ಲ. ಮೂರನೇ ಸಲ ಕೇಳುವ ಹೊತ್ತಿಗೆ ಸಮಯ ನೋಡುವವನು ದೂರದಿಂದ ಎರಡೂ ಕೈ ಎತ್ತಿ ಅಡ್ಡ ಆಡಿಸಿದ, ಇನ್ನು ಹೊರಟರೂ ಗಂಟೆಯೊಳಗೆ ಮೈಲಿ ದಾಟುವಂತಿರಲಿಲ್ಲ. ಆ ಬಾರದ ಉತ್ತರವೇ ಮುಂದೆ ಊರೂರು ತಿರುಗಿತು. ಹೆದರಿಕೊಂಡ, ಬಾಯಿ ಕಟ್ಟಿಹೋಗಿತ್ತು ಎಂದರು. ಹೋದ, ಬರಲಿಲ್ಲ ಎಂದು ರೇಸಿನವರೆಲ್ಲ ಅವರಿಗೆ ಹೋದಪ್ಪ ಎಂದು ಹೆಸರಿಟ್ಟರು. ಹೋದಪ್ಪ ಚಹಾ ಕುಡಿತೀಯಾ, ಹೋದಪ್ಪ ವಾಪಸ್ ಬರ್ತೀಯಾ ತಾನೆ. ಭಾವ ಅದಕ್ಕೆ ನಗುತ್ತಿದ್ದರು, ಅವನು ಭಾನುವಾರ ಬರುವುದನ್ನು ತಪ್ಪಿಸುತ್ತಿರಲಿಲ್ಲ.

ಲಾಯರಮ್ಮ ಕೈ ಎತ್ತಿದಳು. ಎತ್ತುತ್ತಾಳೆ ಎಂದು ಅವನಿಗೆ ಗೊತ್ತಿತ್ತು. "ಸರ್, ನೀವು ಯಾಕೆ ವಾಪಸ್ ಓಡಿಸ್ಲಿಲ್ಲ? ಹೆದರಿದ್ರಿ ಅಂತ ಬರೆದಿದಾರೆ. ನಮ್ಮ ಸರ್‌ನ ಕೇಳ್ದೆ, ನಿಮ್ಮನ್ನೇ ಕೇಳು ಅಂದ್ರು." ಭಾವ ತಿರುಗಿ ಅವನ ಕಡೆ ನೋಡಿದರು. ಆ ನೋಟದಲ್ಲಿ ಏನಿತ್ತೋ, ಅವನು ಅದನ್ನು ಓದುವ ಗೊಡವೆಗೆ ಹೋಗದೆ ಕಂಪ್ರೆಸರಿನಿಂದ ಕೈ ತೆಗೆದು ಒಂದು ಹೆಜ್ಜೆ ಮುಂದೆ ಬಂದ. "ಅದು ಹಾಗಲ್ಲ. ಅವತ್ತು ಒಂದು ಸ್ಪ್ಯಾನರ್..." ಎಂದ. ತನ್ನ ದನಿ ತನಗೇ ಪರರದ್ದಾಗಿ ಕೇಳಿಸಿತು. ಇನ್ನು ನಾಲ್ಕು ಮಾತು ಉಳಿದಿದ್ದವು, ಅವು ಬರುತ್ತಲೂ ಇದ್ದವು, ಇದನ್ನು ಅವನು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ.

"ನೀನು ನಿಲ್ಲೋ, ನಾನು ಹೇಳ್ತೀನಿ" ಎಂದರು ಭಾವ. "ಒಂದು ಸ್ಪ್ಯಾನರ್ ಕಳೀತು, ಮಕ್ಕಳೇ. ಎಲ್ಲರೂ ಹುಡುಕಿದ್ರು. ಅದು ನಿಮ್ಮ ಮೇಷ್ಟ್ರ ಹಿಂದಿನ ಜೇಬಲ್ಲೇ ಇತ್ತು." ನಗು ಎದ್ದಿತು. "ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ರಂತೆ, ಹಾಗೆ. ಪಾಪ, ಅವನಿಗೆ ಗೊತ್ತೇ ಇರಲಿಲ್ಲ. ಆಮೇಲೆ ಎಲ್ಲೋ ಬಗ್ಗಿದಾಗ ಬಿದ್ದಿರ್ಬೇಕು, ಕಾರಿನ ಅಡಿಯಿಂದ ಅವನೇ ಹುಡುಕಿ ತೆಗೆದ. ಆದ್ರೆ ನನಗೆ ಗೊತ್ತಿತ್ತು. ಆ ಕಾರಲ್ಲಿ ಮಲಗಿದ ಹಾಗೆ ಕೂರ್ಬೇಕು, ಕಣ್ಣು ಇರೋದು ಹೊರಗೆ ನಿಂತೋರ ಸೊಂಟದ ಮಟ್ಟಕ್ಕೆ. ಅವನು ಎದುರಿಗೇ ಓಡಾಡ್ತಿದ್ದ. ಜೇಬಿಂದ ಸ್ಪ್ಯಾನರ್ ತಲೆ ಹೊರಗೆ ಕಾಣ್ತಿತ್ತು. ರೇಡಿಯೋ ಬಟನ್ ಒತ್ತಿ, ಅದೋ ಅವನ ಜೇಬಲ್ಲಿದೆ ಅಂದಿದ್ರೆ ಮುಗೀತಿತ್ತು. ನಾನು ಹೇಳ್ಲಿಲ್ಲ." ಯಾಕೆ ಎಂದು ಲಾಯರಮ್ಮ ಕೇಳಿದಳೋ, ಕೇಳದೆಯೇ ಅವರು ಹೇಳಿದರೋ. "ಹೆದರಿಕೆ. ಹೋಗುವಾಗ ಮೈಲಿಯ ಮಧ್ಯದಲ್ಲಿ ಕಾರು ಒಂದಡಿ ಪಕ್ಕಕ್ಕೆ ಜಾರ್ತು. ಬರೀ ಒಂದಡಿ. ಆಚೆ ಇದ್ದೋರಿಗೆ ಕಾಣಲೂ ಇಲ್ಲ. ನಿಂತ ಮೇಲೆ ನನ್ನ ಕೈಕಾಲು ನಡುಗೋಕೆ ಶುರುವಾಯ್ತು, ಬೆಲ್ಟ್ ಬಿಗಿದಿದ್ದರಿಂದ ಯಾರಿಗೂ ತಿಳೀಲಿಲ್ಲ. ಅವನು ಆ ಕಡೆ ಈ ಕಡೆ ಓಡಾಡ್ತಾ ಇದ್ರೆ, ಇನ್ನೊಂದು ಸ್ವಲ್ಪ ಹೊತ್ತು ಸಿಗದೇ ಇರಲಪ್ಪ ಅಂತ ಕೇಳ್ಕೋತಿದ್ದೆ. ಬರೆದಿರೋದು ಸರಿಯಾಗೇ ಇದೆ, ಮಗು. ಹೆದರಿದ್ದೆ. ಇಪ್ಪತ್ತನಾಲ್ಕು ವರ್ಷ ನಿಮ್ಮ ಮೇಷ್ಟ್ರಿಗೆ ಇದನ್ನ ಹೇಳೋಕೂ ಹೆದರಿದ್ದೆ. ಇವತ್ತು ಇದಕ್ಕೇ ಬಂದೆ."

ಯಾರೋ ಒಬ್ಬರು ಚಪ್ಪಾಳೆ ಶುರುಮಾಡಿದರು, ಮಿಕ್ಕವರು ಸೇರಿದರು. ಬಾಗಿಲಲ್ಲಿ ಯಾವಾಗಲೋ ಬಂದು ನಿಂತಿದ್ದ ಪ್ರಿನ್ಸಿಪಾಲರೂ ತಟ್ಟಿದರು. ಅವನು ಒಂದು ಹೆಜ್ಜೆ ಮುಂದೆ ಬಂದವನು ಅಲ್ಲೇ ನಿಂತಿದ್ದ. ಹಿಂದೆ ಹೋಗಬೇಕೋ ಮುಂದೆ ಹೋಗಬೇಕೋ ತಿಳಿಯದೆ ಅವನೂ ಚಪ್ಪಾಳೆ ತಟ್ಟಿದ. ಮೊದಲು ಅವನಿಗೆ ಅನಿಸಿದ್ದು ಸಮಾಧಾನವಲ್ಲ, ಸಿಟ್ಟು. ಇಷ್ಟು ವರ್ಷ ಮಲಗುವಾಗ ಏಳುವಾಗ ಕಾಪಾಡಿಕೊಂಡು ಬಂದಿದ್ದ ತನ್ನ ತಪ್ಪನ್ನು ಈ ಮನುಷ್ಯ ಮೂವತ್ತೊಂದು ಜನರೆದುರು ಕಿತ್ತುಕೊಂಡುಬಿಟ್ಟಿದ್ದರು. ಇಪ್ಪತ್ತನಾಲ್ಕು ವರ್ಷದ ಭಾನುವಾರಗಳು ಏನಾದವು? ಆಮೇಲೆ, ನಿಧಾನವಾಗಿ, ಇನ್ನೊಂದು ಹೊಳೆಯಿತು. ಅವರಿಗೆ ಗೊತ್ತಿಲ್ಲ. ಜೇಬಿನಲ್ಲಿದ್ದದ್ದು ಗೊತ್ತು, ಚುಚ್ಚಿದ್ದು ಗೊತ್ತಿಲ್ಲ. ಅವನು ಹಿಂದಿನ ಚಕ್ರದ ಹತ್ತಿರ ಬಗ್ಗಿದ್ದು ಆ ಸೀಟಿನಿಂದ ಕಾಣುವುದಿಲ್ಲ. ಪಾಪ, ಅವನಿಗೆ ಗೊತ್ತೇ ಇರಲಿಲ್ಲ ಎಂದರಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಈಗ ಹೇಳಿದರೆ ಏನಾಗುತ್ತದೆ ಎಂದು ಅವನು ಯೋಚಿಸುತ್ತಿರುವಾಗಲೇ ಮಾತು ಬೇರೆ ಕಡೆಗೆ ಹೋಗಿತ್ತು. ಬೆಸುಗೆ ಕಲಿಯಲು ಎಷ್ಟು ವರ್ಷ ಬೇಕು, ಹುಡುಗಿಯರನ್ನು ತಗೊಳ್ತಾರಾ, ಬ್ಯಾಟರಿ ಕಾರು ಬಂದ ಮೇಲೆ ಮೆಕ್ಯಾನಿಕ್‌ಗಳಿಗೆ ಕೆಲಸ ಇರತ್ತಾ ಎಂದು ಮಕ್ಕಳು ಕೇಳಿದರು. ಟಯರೂ ಬ್ರೇಕೂ ಅದಕ್ಕೂ ಬೇಕಲ್ಲಪ್ಪ, ವೈರಿನ ಕೆಲಸವನ್ನೂ ಕಲೀರಿ ಎಂದು ಭಾವ ಹೇಳಿದರು. ಅವರ ಮುಖ ತೊಳೆದಂತಿತ್ತು.

ಎಲ್ಲ ಮುಗಿದು ಮಕ್ಕಳು ಕುರ್ಚಿ ಎತ್ತಿಡುತ್ತಿದ್ದರು, ಭಾವನನ್ನು ಪ್ರಿನ್ಸಿಪಾಲರು ಫೋಟೋಕ್ಕೆಂದು ಹೊರಗೆ ಕರೆದೊಯ್ದಿದ್ದರು. ಲಾಯರಮ್ಮ ಹಲಗೆಯಿಂದ ಹದಿಮೂರರ ಸ್ಪ್ಯಾನರು ತೆಗೆದುಕೊಂಡು ಬಂದಳು. "ಸರ್, ನಿಮಗೂ ಜೇಬು ಹೊಲಿಸಿದ್ರು ಅಂದಿದ್ರಿ." ದಾರ ಹಳೇದು, ಕಿತ್ತುಹೋಗಿತ್ತು ಎಂದ ಅವನು. ಅವಳು ತಲೆಯಾಡಿಸಿದಳು. ಆಮೇಲೆ ಸ್ಪ್ಯಾನರನ್ನು ಹಿಂದೆ, ಜೇಬು ಇರಬೇಕಾದ ಜಾಗಕ್ಕೆ ಒತ್ತಿ ಹಿಡಿದು, ಹಳೆಯ ಕಾರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು, ಎದ್ದಳು, ಇನ್ನೊಮ್ಮೆ ಕೂತಳು. ಅವಳಲ್ಲಿ ಕೊಂಕು ಏನೂ ಇರಲಿಲ್ಲ. ನಟ್ಟು ಬಲಕ್ಕೇ ಯಾಕೆ ಎಂದು ಕೇಳಿದ ದಿನದ್ದೇ ಮುಖ. "ಕೂತ್ರೆ ಗೊತ್ತಾಗತ್ತೆ ಸರ್. ಚುಚ್ಚತ್ತೆ."

"ಅವತ್ತಿನ ಬಟ್ಟೆ ದಪ್ಪ ಇತ್ತು" ಎಂದ.

"ಹೌದಾ ಸರ್" ಎಂದಳು. ಸ್ಪ್ಯಾನರನ್ನು ಅದರ ಹಳದಿಯ ಮೇಲೆ ತೂಗುಹಾಕಿ ಚೀಲ ತೆಗೆದುಕೊಂಡು ಹೋದಳು. ಅವಳಿಗೆ ಹದಿನೇಳು ವಯಸ್ಸು, ನಾಳೆ ಮರೆಯುತ್ತಾಳೆ ಎಂದು ಅವನು ಅಂದುಕೊಂಡ. ಮರೆಯುವವಳಲ್ಲ ಎಂದೂ ಗೊತ್ತಿತ್ತು.

ಬಸ್ಸು ಬೇಡ ಎಂದು ಭಾವನನ್ನು ಅವನೇ ತನ್ನ ಕಾರಿನಲ್ಲಿ ಕರೆದುಕೊಂಡು ಹೊರಟ. ಶಾಲೆ ಬಿಟ್ಟ ಹೊತ್ತು, ರಸ್ತೆಯ ತುಂಬ ವಾಹನ. ಭಾವ ಪಕ್ಕದಲ್ಲಿ ಕೂತು ಮುಂದಿನ ಗಾಡಿ ಹತ್ತಿರವಾದಾಗಲೆಲ್ಲ ಬಲಗಾಲಿನಿಂದ ನೆಲವನ್ನು ಒತ್ತುತ್ತಿದ್ದರು. ಪರೀಕ್ಷಕರಾಗಿದ್ದಾಗ ಅವರ ಕಾಲಡಿಯೂ ಒಂದು ಬ್ರೇಕ್ ಇರುತ್ತಿತ್ತು. ಸಿಗ್ನಲಿನಲ್ಲಿ ಕೆಂಪು ಬಿತ್ತು. ತೊಂಬತ್ತು ಸೆಕೆಂಡು ಎಂದು ಅಂಕಿ ತೋರಿಸಿ ಒಂದೊಂದೇ ಇಳಿಯತೊಡಗಿತು.

"ಸಿಟ್ಟು ಬಂದಿಲ್ವಾ?" ಎಂದು ಕೇಳಿದರು ಭಾವ. ಅವನು ಇಳಿಯುತ್ತಿದ್ದ ಅಂಕಿ ನೋಡಿದ. "ಬಂದಿರತ್ತೆ. ನೀನು ಭಾನುವಾರ ಬಂದು ಕಾರಿನ ಕೆಳಗೆ ಮಲಗಿರ್ತಿದ್ದೆ, ನಾನು ಕಿಟಕೀಲಿ ನಿಂತು ನಿನ್ನ ಕಾಲುಗಳನ್ನ ನೋಡ್ತಿದ್ದೆ. ಇವತ್ತು ಹೇಳೋಣ, ಊಟ ಆದ್ಮೇಲೆ ಹೇಳೋಣ ಅಂತ. ನೀನು ಊಟ ಮಾಡಿ ಹೋಗ್ಬಿಡ್ತಿದ್ದೆ. ಹದಿಮೂರು ನಿನ್ನ ಕೈಲಿತ್ತಲ್ಲ, ಕಳೆದವನು ನೀನೇ ಅಂತ ದೊಡ್ಡ ಮೇಸ್ತ್ರಿ ಸಾಯೋತನಕ ನಿನ್ನನ್ನ ಬೈದ್ರು, ನಾನು ಅಲ್ಲೇ ಕೂತಿದ್ದೆ. ಕೆಲಸ ಕೊಡಿಸಿ ಸರಿಮಾಡ್ತೀನಿ ಅಂದ್ಕೊಂಡೆ. ಅದೆಲ್ಲ ಸರಿಹೋಗಲ್ಲ." ಅಂಕಿ ನಲವತ್ತಕ್ಕೆ ಬಂದಿತ್ತು. ಕಾರಿನಲ್ಲಿ ಮೂರನೆಯವರಿಲ್ಲ. ನಾನೂ ಒಂದು ಹೇಳಬೇಕು ಭಾವ ಎಂದು ಶುರುಮಾಡಿದರೆ ಸಾಕು, ಹಸಿರು ಬೀಳುವುದರೊಳಗೆ ಮುಗಿದುಹೋಗುತ್ತದೆ. ಬಹುಶಃ ಭಾವ ನಗುತ್ತಾರೆ. ಇಬ್ಬರೂ ನಗಬಹುದು. ಅವನು ಬಾಯಿ ತೆರೆಯುವ ಮುಂಚೆ ಭಾವ ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸುತ್ತ, "ಕ್ಷಮಿಸ್ತೀಯೇನೋ?" ಎಂದರು. ವಯಸ್ಸಾದವರು, ಅಕ್ಕನ ಗಂಡ. ಅವನನ್ನು ಈವರೆಗೆ ಯಾರೂ ಹಾಗೆ ಕೇಳಿರಲಿಲ್ಲ.

"ಹೋಗಲಿ ಬಿಡಿ ಭಾವ" ಎಂದ ಅವನು. "ಮನುಷ್ಯ ಅಂದ್ಮೇಲೆ ಹೆದರಿಕೆ ಇರತ್ತೆ. ಅದನ್ನೆಲ್ಲ ನಾನು ಯಾವತ್ತೋ ಮರೆತೆ."

ಮಾತು ಎಷ್ಟು ಹದವಾಗಿ ಬಂತೆಂದರೆ ಅವನೇ ಒಂದು ಕ್ಷಣ ನಂಬಿದ. ಭಾವ ಅವನ ಕೈಯ ಮೇಲೆ ಕೈಯಿಟ್ಟು ತೆಗೆದರು. ಅವನಿಗೆ ಒಳ್ಳೆಯದೆನಿಸಿತು. ಹಾಗೆ ಅನಿಸುತ್ತಿರುವುದು ಹೊಲಸು ಎಂದು ತಿಳಿದಿತ್ತು, ಆದರೂ ಒಳ್ಳೆಯದೆನಿಸಿತು. ಹಸಿರು ಬಿತ್ತು, ಹಿಂದಿನವನು ಹಾರ್ನ್ ಹೊಡೆದ, ಅವನು ಗೇರು ಹಾಕಿದ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಹೇಗಾಯ್ತು, ಮಕ್ಕಳು ಗಲಾಟೆ ಮಾಡಿದ್ರಾ ಎಂದಳು. ಭಾವ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತ, "ಎಲ್ಲ ಹೇಳಿಬಿಟ್ಟೆ ಕಣೇ. ನಿನ್ನ ತಮ್ಮ ದೊಡ್ಡ ಮನಸ್ಸಿನೋನು. ಬೇರೆ ಯಾರಾದ್ರೂ ಆಗಿದ್ರೆ ನನ್ನ ಮುಖ ನೋಡ್ತಿರಲಿಲ್ಲ" ಎಂದರು. ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತೆಂಬುದು ಅವಳು ಏನನ್ನೂ ಕೇಳದಿದ್ದುದರಿಂದಲೇ ತಿಳಿಯಿತು. ಅವಳು ಅವನ ಮುಖ ನೋಡಿದಳು. "ಅದು ನನಗೇನು ಹೊಸದಾ? ಒಳಗೆ ಬಾ, ಊಟ ಮಾಡ್ಕೊಂಡು ಹೋಗು" ಎಂದಳು.

ಹೊತ್ತಾಯಿತು ಎನ್ನಬಹುದಿತ್ತು. ಕೈಕಾಲು ತೊಳೆದುಕೊಂಡು ಒಳಗೆ ಹೋಗಿ ಕೂತ. ನೋಡಿದರೆ ಹಸಿವಾಗಿತ್ತು. ಅಕ್ಕ ಎರಡನೆಯ ಸಲ ಬಡಿಸಲು ಬಂದಾಗಲೂ ಬೇಡವೆನ್ನಲಿಲ್ಲ.